ಓಲ್ ಪೆಜೆಟಾ ಕನ್ಸರ್ವೆನ್ಸಿಗೆ ಹೋಗುವ ಯೋಚನೆ: ಕೀನ್ಯಾ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ

ಕುಕ್ಕರಹಳ್ಳಿ ಕೆರೆ, ಮೈಸೂರು:
ಎಲ್ಲರಿಗೂ ನಮಸ್ಕಾರ. ಮಗಳ ಬೇಸಿಗೆ ರಜೆಯಲ್ಲಿ ಕೀನ್ಯಾಗೆ ಹೋಗಿ ಬರೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ನಮ್ಮ ಯಜಮಾನರು, ಏಳನೇ ಕ್ಲಾಸಿನ ಮಗಳು, ಜೊತೆಗೆ ನಮ್ಮತ್ತೆ. ಅತ್ತೆಗೆ 66 ವರ್ಷ. ಚೆನ್ನಾಗಿ ಓಡಾಡುತ್ತಾರೆ, ಆದರೆ ಬೆನ್ನುನೋವಿದೆ. ಇಡೀ ದಿನ ಜೀಪಿನಲ್ಲಿ ಕೂರುವುದು ಕಷ್ಟ.

ಟ್ರಾವೆಲ್ಸ್‌ನವರು ಒಂದು ವಾರದ ಪ್ಲಾನ್ ಕೊಟ್ಟಿದ್ದಾರೆ. ಅಂಬೊಸೆಲಿ, ನಕುರು, ಓಲ್ ಪೆಜೆಟಾ, ಮಸಾಯಿ ಮಾರಾ ಎಲ್ಲ ಸೇರಿಸಿ. ಅದರಲ್ಲಿ ಓಲ್ ಪೆಜೆಟಾಗೆ ಬರೀ ಅರ್ಧ ದಿನ. ಮಗಳಿಗೆ ಬೇಕಿರುವುದೇ ಅದು. ಉತ್ತರದ ಬಿಳಿ ಘೇಂಡಾಮೃಗಗಳಲ್ಲಿ ಜಗತ್ತಿನಲ್ಲಿ ಉಳಿದಿರುವ ಎರಡೇ ಎರಡು ಅಲ್ಲಿವೆ ಅಂತ ಶಾಲೆಯ ಪ್ರಾಜೆಕ್ಟಿಗೆ ಓದಿದ್ದಳು. ಆವತ್ತಿನಿಂದ ನಜಿನ್, ಫಾತು ಅಂತ ಅವೆರಡರ ಹೆಸರೇ ಜಪ.

ನಾವು ನೋಡಿರುವುದು ಬಂಡೀಪುರ, ಕಬಿನಿ ಅಷ್ಟೆ. ಕನ್ಸರ್ವೆನ್ಸಿ ಅಂದರೆ ಏನು, ನ್ಯಾಷನಲ್ ಪಾರ್ಕಿಗೂ ಅದಕ್ಕೂ ಏನು ವ್ಯತ್ಯಾಸ? ಏಪ್ರಿಲ್, ಮೇ ತಿಂಗಳು ಸರಿಯಾ? ನಾವು ಮೊಟ್ಟೆಯನ್ನೂ ತಿನ್ನದವರು, ಊಟಕ್ಕೆ ತೊಂದರೆ ಆಗುತ್ತದಾ?

ನೈರೋಬಿ ನಿವಾಸಿ, ಮೂಲ ಶಿರಸಿ:
ಮೇಡಂ, ಮೊದಲು ತಿಂಗಳ ಮಾತು ಮುಗಿಸೋಣ. ಏಪ್ರಿಲ್, ಮೇ ಬೇಡವೇ ಬೇಡ. ನಮ್ಮೂರಿನ ಬೇಸಿಗೆ ರಜೆ ಇಲ್ಲಿನ ದೊಡ್ಡ ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ಸುರಿಯುತ್ತದೆ. ನವೆಂಬರ್ ಸುಮಾರಿಗೆ ಇನ್ನೊಂದು ಸಣ್ಣ ಮಳೆಗಾಲ. ಕರ್ನಾಟಕದ ಮಕ್ಕಳಿಗೆ ಸರಿಹೊಂದುವುದು ದಸರಾ ರಜೆ. ಅಕ್ಟೋಬರ್ ಮೊದಲ ಭಾಗದಲ್ಲಿ ಹುಲ್ಲು ಒಣಗಿ ಕುಳ್ಳಗಾಗಿರುತ್ತದೆ, ಪ್ರಾಣಿಗಳು ನೀರಿನ ಹತ್ತಿರ ಸೇರುತ್ತವೆ. ಶಾಲೆಗೆ ರಜೆ ಹಾಕಿಸಲು ಆಗುವುದಾದರೆ ಜನವರಿ, ಫೆಬ್ರವರಿ ಕೂಡ ಚೆನ್ನಾಗಿರುತ್ತದೆ.

ಇನ್ನು ಆ ಪ್ಲಾನ್. ಅಂಬೊಸೆಲಿ ಇರುವುದು ದಕ್ಷಿಣದ ಕೊನೆಯಲ್ಲಿ, ಕಿಲಿಮಂಜಾರೊ ಬುಡದಲ್ಲಿ. ಓಲ್ ಪೆಜೆಟಾ ನೈರೋಬಿಯಿಂದ ಉತ್ತರಕ್ಕೆ, ಭೂಮಧ್ಯ ರೇಖೆಯ ಮೇಲೆ. ಮಾರಾ ಪಶ್ಚಿಮಕ್ಕೆ, ತಾಂಜಾನಿಯಾ ಗಡಿಯಲ್ಲಿ. ಈ ಮೂರನ್ನೂ ಒಂದು ವಾರದಲ್ಲಿ ರಸ್ತೆ ಮೇಲೆ ಸುತ್ತಿದರೆ ನೀವು ನೋಡುವುದು ಡಾಂಬರು, ಲಾರಿ, ಧೂಳು. ಅತ್ತೆಯವರ ಬೆನ್ನಿಗೆ ಅದು ಶಿಕ್ಷೆ. ಒಂದು ಜಾಗ, ಹೆಚ್ಚೆಂದರೆ ಎರಡು ಆರಿಸಿಕೊಳ್ಳಿ.

ನೈರೋಬಿಯಿಂದ ನಾನ್ಯುಕಿ ಊರು ಸುಮಾರು 200 ಕಿ.ಮೀ. ದಾರಿ ಚೆನ್ನಾಗಿದೆ, ನಾಲ್ಕು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ಕನ್ಸರ್ವೆನ್ಸಿ ಹತ್ತಿರವೇ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನವೂ ಇದೆ. ಅದಕ್ಕೆ ಸಾಮಾನು ಒಬ್ಬರಿಗೆ 15 ಕೆ.ಜಿ. ಸುಮಾರು, ಮೆತ್ತನೆ ಬ್ಯಾಗ್ ಆಗಿರಬೇಕು. ಗಟ್ಟಿ ಸೂಟ್‌ಕೇಸ್ ಹಿಡಿಸುವುದಿಲ್ಲ.

ಕನ್ಸರ್ವೆನ್ಸಿ ಬಗ್ಗೆ ಸಂಜೆ ಬಿಡುವಾಗಿ ಬರೆಯುತ್ತೇನೆ. ಅದು ಎರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲ.

ಎರೆ ಹೊಲ, ಗದಗ:
ಮಳೆಗಾಲ ಬೇಡ ಅನ್ನೋದಕ್ಕೆ ನಮ್ಮ ಕಡೆಯವರಿಗೆ ತಟ್ಟನೆ ತಿಳಿಯುವ ಕಾರಣ ಒಂದಿದೆ. ಓಲ್ ಪೆಜೆಟಾದ ಬಹುಪಾಲು ನೆಲ ಎರೆ ಮಣ್ಣು. ನಮ್ಮ ಗದಗ, ನವಲಗುಂದದ ಹೊಲಗಳಲ್ಲಿ ಇರುವಂಥದ್ದೇ ಕಪ್ಪು ಭೂಮಿ. ಒಣಗಿದಾಗ ಕೈ ತೂರುವಷ್ಟು ಬಿರುಕು, ನಾಲ್ಕು ಹನಿ ಬಿದ್ದರೆ ಗಾಲಿಗೆ ಅಂಟು. ಫೋರ್ ವೀಲ್ ಗಾಡಿಯೂ ಅಡ್ಡಡ್ಡ ಜಾರುತ್ತದೆ. ಮಳೆ ಬಂದ ದಿನ ಒಳಗಿನ ಎಷ್ಟೋ ದಾರಿಗಳಿಗೆ ಗಾಡಿ ಇಳಿಸುವುದೇ ಕಷ್ಟ.

ನೈರೋಬಿ ನಿವಾಸಿ, ಮೂಲ ಶಿರಸಿ:
ಹೇಳಿದಂತೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕಾಡು ಅಂದರೆ ಅರಣ್ಯ ಇಲಾಖೆಯದು. ನಾಗರಹೊಳೆ ಒಳಗೆ ಯಾರೂ ಖಾಸಗಿಯಾಗಿ ಸಫಾರಿ ಜಾಗ ಕಟ್ಟಿಕೊಳ್ಳಲು ಆಗುವುದಿಲ್ಲ. ಕೀನ್ಯಾದಲ್ಲಿ ಹಾಗಲ್ಲ. ಇಲ್ಲಿನ ಕಾಡುಪ್ರಾಣಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನ್ಯಾಷನಲ್ ಪಾರ್ಕುಗಳ ಹೊರಗೆ, ಜನರ ಜಮೀನಿನಲ್ಲಿ ಬದುಕುತ್ತವೆ. ಆ ಜಮೀನಿನವರು ಬೇಲಿ ಹಾಕಿ ಗೋಧಿ ಬಿತ್ತಿದರೆ ಪ್ರಾಣಿಗಳಿಗೆ ಜಾಗವಿಲ್ಲ. ಹಾಗಾಗಿ ಜಮೀನನ್ನು ಪ್ರಾಣಿಗಳಿಗೆ ಬಿಟ್ಟವರಿಗೂ ಹೊಟ್ಟೆಪಾಡು ನಡೆಯಬೇಕು ಅನ್ನುವುದರಿಂದ ಬೆಳೆದ ಏರ್ಪಾಡು ಕನ್ಸರ್ವೆನ್ಸಿ. 2013ರ ವನ್ಯಜೀವಿ ಕಾಯ್ದೆಯಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು.

ಇದರಲ್ಲಿ ಬೇರೆ ಬೇರೆ ಬಗೆ ಇದೆ. ಮಸಾಯಿ ಮಾರಾ ರಿಸರ್ವ್ ನಾರೋಕ್ ಕೌಂಟಿ ಸರ್ಕಾರದ್ದು. ಅದರ ಅಂಚಿನಲ್ಲೇ ಮಾರಾ ನಾರ್ತ್, ನಬೊಯಿಶೊ, ಓಲಾರೆ ಮೊಟೊರೊಗಿ ಅನ್ನುವ ಕನ್ಸರ್ವೆನ್ಸಿಗಳಿವೆ. ಅಲ್ಲಿ ನೂರಾರು ಮಸಾಯಿ ಕುಟುಂಬಗಳು ತಮ್ಮ ಪಾಲಿನ ಜಮೀನನ್ನು ಒಟ್ಟುಗೂಡಿಸಿ ಗುತ್ತಿಗೆಗೆ ಕೊಟ್ಟಿವೆ. ಕ್ಯಾಂಪಿನವರು ಬಾಡಿಗೆ ಕಟ್ಟುತ್ತಾರೆ, ಪ್ರವಾಸಿ ಬರಲಿ ಬಿಡಲಿ. ಎಷ್ಟು ಟೆಂಟ್ ಇರಬೇಕು, ಒಂದು ಸಿಂಹದ ಹತ್ತಿರ ಎಷ್ಟು ಗಾಡಿ ನಿಲ್ಲಬಹುದು ಅನ್ನುವುದಕ್ಕೆ ಮಿತಿ ಇದೆ. ರಾತ್ರಿ ಸಫಾರಿ, ಗೈಡ್ ಜೊತೆ ನಡಿಗೆ ಎರಡೂ ಉಂಟು. ರಿಸರ್ವ್ ಒಳಗೆ ಇವಿಲ್ಲ. ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿ ದಡದಲ್ಲಿ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕನ್ಸರ್ವೆನ್ಸಿಯಲ್ಲಿ ಆ ಗದ್ದಲ ಇರುವುದಿಲ್ಲ.

ಓಲ್ ಪೆಜೆಟಾ ಬೇರೆ ಬಗೆ. ಬ್ರಿಟಿಷರ ಕಾಲದಲ್ಲಿ ದನದ ರ‍್ಯಾಂಚ್ ಆಗಿತ್ತು. 1988ರಲ್ಲಿ ಅದರ ಒಂದು ಭಾಗವನ್ನು ಸ್ವೀಟ್‌ವಾಟರ್ಸ್ ಅನ್ನುವ ಹೆಸರಿನಲ್ಲಿ ಪ್ರಾಣಿಗಳಿಗೆ ಬಿಟ್ಟರು. ಈಗ ಸುಮಾರು 90,000 ಎಕರೆಯ, ಲಾಭಕ್ಕಲ್ಲದ ಸಂಸ್ಥೆ. ದನ ಸಾಕುವುದನ್ನೂ ಬಿಟ್ಟಿಲ್ಲ. ಬೋರಾನ್ ತಳಿಯ ಸಾವಿರಾರು ದನ ಒಳಗೇ ಮೇಯುತ್ತವೆ. ರಾತ್ರಿ ಅವನ್ನು ಕಬ್ಬಿಣದ ದೊಡ್ಡಿಯಲ್ಲಿ ಕೂಡುತ್ತಾರೆ, ಸಿಂಹ ನುಗ್ಗದ ಹಾಗೆ. ಆ ದೊಡ್ಡಿಯನ್ನು ಆಗಾಗ ಜಾಗ ಬದಲಿಸುತ್ತಾರೆ. ಬಿಟ್ಟುಹೋದ ಜಾಗದಲ್ಲಿ ಗೊಬ್ಬರ ಬಿದ್ದು ಒಳ್ಳೇ ಹುಲ್ಲು ಬರುತ್ತದೆ, ಜಿಂಕೆ ಜಾತಿಯವು, ಜೀಬ್ರಾಗಳು ಅಲ್ಲಿಗೇ ಬಂದು ಮೇಯುತ್ತವೆ. ನಮ್ಮ ಬಯಲುಸೀಮೆಯಲ್ಲಿ ಕುರಿ ಮಂದೆ ನಿಲ್ಲಿಸುವುದಿಲ್ಲವಾ, ಥೇಟ್ ಹಾಗೆ.

ನನಗೆ ಬಹಳ ಹಿಡಿಸಿದ್ದು ಅಲ್ಲಿನ ಬೇಲಿ. ಸುತ್ತ ವಿದ್ಯುತ್ ಬೇಲಿ ಇದೆ, ಉತ್ತರದ ಕಡೆ ಮಾತ್ರ ಕೆಲವು ಕಡೆ ಬೇಲಿ ಬಿಟ್ಟಿದ್ದಾರೆ. ಆ ಬಾಯಲ್ಲಿ ನೆಲಕ್ಕೆ ಮೊಣಕಾಲೆತ್ತರದ ಗೂಟಗಳನ್ನು ಒತ್ತೊತ್ತಾಗಿ ಹೂಳಿದ್ದಾರೆ. ಆನೆ ಕಾಲೆತ್ತಿ ದಾಟುತ್ತದೆ. ಜಿರಾಫೆ ದಾಟುತ್ತದೆ, ಸಿಂಹ ನುಸುಳುತ್ತದೆ. ಘೇಂಡಾಮೃಗಕ್ಕೆ ಮಾತ್ರ ಆಗುವುದಿಲ್ಲ. ಅದು ಹಾಗೆ ಕಾಲೆತ್ತುವ ಪ್ರಾಣಿ ಅಲ್ಲ. ಹೊರಗೆ ಹೋದರೆ ಕೊಂಬಿನ ಕಳ್ಳರ ಪಾಲಾಗುವ ಪ್ರಾಣಿ ಒಳಗೇ ಉಳಿಯಿತು, ಆನೆಯ ಹಳೇ ದಾರಿಯೂ ತಪ್ಪಲಿಲ್ಲ. ಗೈಡ್‌ಗೆ ಹೇಳಿ ಆ ಜಾಗ ತೋರಿಸಲು ಸಾಧ್ಯವಾ ಕೇಳಿ. ಮಗಳಿಗೆ ಖಂಡಿತ ಇಷ್ಟವಾಗುತ್ತದೆ.

ಕಬಿನಿ ಹಿನ್ನೀರು, ಎಚ್.ಡಿ. ಕೋಟೆ:
ನಜಿನ್ ಮತ್ತು ಫಾತು ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ಮಗುವನ್ನು ಕರೆದುಕೊಂಡು ಹೋಗುವ ಮೊದಲು ಮನೆಯಲ್ಲೇ ಕೂತು ಮಾತಾಡಿ ಅನ್ನುವುದು ನನ್ನ ಕೋರಿಕೆ.

ಅವು ತಾಯಿ, ಮಗಳು. ನಜಿನ್ ಹುಟ್ಟಿದ್ದು 1989ರಲ್ಲಿ, ಫಾತು 2000ದಲ್ಲಿ. ಎರಡೂ ಹುಟ್ಟಿದ್ದು ಆಫ್ರಿಕಾದಲ್ಲಲ್ಲ, ಚೆಕ್ ದೇಶದ ಒಂದು ಮೃಗಾಲಯದಲ್ಲಿ. ತಮ್ಮ ನೆಲದ ಹವೆಯಲ್ಲಾದರೂ ಮರಿ ಹಾಕಲಿ ಅಂತ 2009ರ ಡಿಸೆಂಬರಿನಲ್ಲಿ ಇವೆರಡನ್ನು, ಸುಡಾನ್ ಮತ್ತು ಸುನಿ ಅನ್ನುವ ಎರಡು ಗಂಡುಗಳನ್ನು ಓಲ್ ಪೆಜೆಟಾಗೆ ತಂದರು. ಮರಿ ಆಗಲಿಲ್ಲ. ಸುನಿ 2014ರಲ್ಲಿ ಸತ್ತಿತು. ಕೊನೆಯ ಗಂಡು ಸುಡಾನ್ 2018ರ ಮಾರ್ಚ್ 19ರಂದು. ಉಗಾಂಡಾ, ಕಾಂಗೊ, ಸುಡಾನ್ ಕಡೆಯ ಬಯಲುಗಳಲ್ಲಿ ತುಂಬಿದ್ದ ಸಂತತಿ ಕೊಂಬಿನ ಆಸೆಗೆ, ಯುದ್ಧಗಳಿಗೆ ಸಿಕ್ಕಿ ಇಷ್ಟಕ್ಕೆ ಬಂತು. ಆ ಕೊಂಬು ಏನು ಗೊತ್ತಾ, ನಮ್ಮ ಉಗುರಿನಲ್ಲಿರುವ ಕೆರಟಿನ್ನೇ.

ಈಗ ವಿಜ್ಞಾನಿಗಳು ಫಾತುವಿನ ಅಂಡಾಣು ತೆಗೆದು, ಸತ್ತ ಗಂಡುಗಳಿಂದ ಮೊದಲೇ ಶೀತಲೀಕರಿಸಿಟ್ಟ ವೀರ್ಯದ ಜೊತೆ ಸೇರಿಸಿ ಇಟಲಿಯ ಪ್ರಯೋಗಾಲಯದಲ್ಲಿ ಭ್ರೂಣ ಮಾಡಿಟ್ಟಿದ್ದಾರೆ. ನಜಿನ್‌ಗೆ ವಯಸ್ಸಾಯಿತು ಅಂತ 2021ರಲ್ಲಿ ಅವಳನ್ನು ಈ ಕೆಲಸದಿಂದ ಬಿಡಿಸಿದರು. ದಕ್ಷಿಣದ ಬಿಳಿ ಘೇಂಡಾಮೃಗ ಹತ್ತಿರದ ಸಂಬಂಧಿ, ಅದರ ಹೊಟ್ಟೆಯಲ್ಲಿ ಭ್ರೂಣ ಬೆಳೆಸುವುದು ಉಪಾಯ. ದಕ್ಷಿಣದ ಜಾತಿಯದ್ದೇ ಭ್ರೂಣ ಇಟ್ಟು ಹಲವು ಸಲ ಪ್ರಯತ್ನಿಸಿದ ಮೇಲೆ ಮೊದಲ ಬಾರಿಗೆ ಗರ್ಭ ನಿಂತಿತು, 70 ದಿನ ಬೆಳೆದಿತ್ತು. ಅಷ್ಟರಲ್ಲಿ ತಾಯಿ ಘೇಂಡಾಮೃಗವೇ ಬ್ಯಾಕ್ಟೀರಿಯಾ ಸೋಂಕಿನಿಂದ ಸತ್ತಿತು. ಅದು ಮಳೆ, ನೆರೆ ಬಂದ ಹೊತ್ತು. 2024ರ ಜನವರಿಯಲ್ಲಿ ಇದನ್ನು ಪ್ರಕಟಿಸಿದರು. ಆದರೂ ಗರ್ಭ ನಿಲ್ಲುತ್ತದೆ ಅನ್ನುವುದು ಖಾತ್ರಿಯಾಯಿತು. ಇದು ಸಣ್ಣ ಮಾತಲ್ಲ.

ಇವೆರಡನ್ನು ನೋಡಲು ಒಳಗಿನ ಬೇರೆ ಆವರಣಕ್ಕೆ ಹೋಗಬೇಕು. ಸಾಮಾನ್ಯ ಸಫಾರಿ ಟಿಕೆಟ್ಟಿನಲ್ಲಿ ಅದು ಬರುವುದಿಲ್ಲ. ಬೇರೆ ಶುಲ್ಕ, ಮೊದಲೇ ಬುಕ್ ಮಾಡಬೇಕು. ಅರ್ಧ ದಿನದ ಪ್ಲಾನ್‌ನಲ್ಲಿ ಇದು ಸೇರಿದೆಯಾ ಅಂತ ಟ್ರಾವೆಲ್ಸ್‌ನವರನ್ನು ಬಾಯಿಬಿಟ್ಟು ಕೇಳಿ. ಗೇಟಿನ ತನಕ ಹೋಗಿ ಮಗಳು ಅಳುವ ಹಾಗಾಗಬಾರದು.

ಇನ್ನೊಂದು. ಬರೀ ಆ ಎರಡನ್ನೇ ನೋಡಿ ಬರಬೇಡಿ. ಕಪ್ಪು ಘೇಂಡಾಮೃಗಗಳು ಅಲ್ಲಿ 150ಕ್ಕೂ ಜಾಸ್ತಿ ಇವೆ, ಪೂರ್ವ ಆಫ್ರಿಕಾದಲ್ಲಿ ಅವುಗಳ ಅತಿ ದೊಡ್ಡ ನೆಲೆ. ಬಣ್ಣ ನೋಡಿ ಕಪ್ಪು, ಬಿಳಿ ಹೇಳಲು ಆಗುವುದಿಲ್ಲ, ಎರಡೂ ಬೂದಿ. ಬಾಯಿ ನೋಡಬೇಕು. ಬಿಳಿಯದರ ತುಟಿ ಅಗಲ, ತಲೆ ತಗ್ಗಿಸಿ ಬಯಲಿನಲ್ಲಿ ಹುಲ್ಲು ಮೇಯುತ್ತದೆ. ಕಪ್ಪಿನದರ ಮೇಲ್ದುಟಿ ಕೊಕ್ಕೆಯ ಹಾಗೆ ಚೂಪು, ಪೊದೆಯ ಅಂಚಿನಲ್ಲಿ ನಿಂತು ಮುಳ್ಳುಗೊಂಬೆಯನ್ನು ಆ ತುಟಿಯಿಂದ ಸುತ್ತಿ ಎಳೆದು ಲಟಕ್ಕನೆ ಮುರಿಯುತ್ತದೆ. ಗಾಡಿ ಎಂಜಿನ್ ಆರಿಸಿದರೆ ಆ ಸದ್ದು ಕೇಳುತ್ತದೆ. ಬೆಳಗ್ಗೆ ಬೇಗ ಹೊರಡಿ. ಮೌಂಟ್ ಕೀನ್ಯಾ ಕಾಣಿಸುವುದೂ ಆಗಲೇ, ಆಮೇಲೆ ಮೋಡ ಮುಚ್ಚಿಕೊಳ್ಳುತ್ತದೆ.

ಬಿಳಿಗಿರಿ ತಪ್ಪಲು, ಯಳಂದೂರು:
ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಿಬಿಡುತ್ತೇನೆ. ಓಲ್ ಪೆಜೆಟಾ ಇರುವ ಲೈಕಿಪಿಯಾ ಬಯಲು ಒಂದು ಕಾಲಕ್ಕೆ ಮಸಾಯಿಗಳ ಹುಲ್ಲುಗಾವಲು. 1904ರ ಒಪ್ಪಂದದಲ್ಲಿ ಬ್ರಿಟಿಷರು ಅವರನ್ನು ರಿಫ್ಟ್ ಕಣಿವೆಯಿಂದ ಎಬ್ಬಿಸಿ ಒಂದಷ್ಟು ಜನರನ್ನು ಇಲ್ಲಿಗೆ ತಂದರು. ಇದು ನಿಮ್ಮದೇ ಅಂದರು. 1911ರಲ್ಲಿ ಇನ್ನೊಂದು ಒಪ್ಪಂದ ಮಾಡಿ ಇಲ್ಲಿಂದಲೂ ದಕ್ಷಿಣಕ್ಕೆ ಅಟ್ಟಿದರು. ಖಾಲಿಯಾದ ನೆಲ ಬಿಳಿಯರ ರ‍್ಯಾಂಚ್ ಆಯಿತು. ಅದೇ ರ‍್ಯಾಂಚುಗಳಲ್ಲಿ ಎಷ್ಟೋ ಈಗ ಕನ್ಸರ್ವೆನ್ಸಿ. ಬರ ಬಂದಾಗ ದನ ಹೊಡೆದುಕೊಂಡು ಬರುವವರಿಗೆ ಬೇಲಿ ಎದುರಾಗುತ್ತದೆ, ಗಲಾಟೆ ಆಗುತ್ತದೆ. ಇಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಮ್ಮ ಕಾಡಿನ ಹಕ್ಕಿಗೆ ಎಷ್ಟು ವರ್ಷ ಕಾದರು, 2011ರಲ್ಲಿ ಹಕ್ಕುಪತ್ರ ಬಂತು. ಅದನ್ನು ಹತ್ತಿರದಿಂದ ನೋಡಿದವರಿಗೆ ಬೇಲಿಯೊಳಗಿನ ಕಾಡು ಅಂದರೆ ಸುಮ್ನೆ ಖುಷಿಪಡಲು ಆಗುವುದಿಲ್ಲ.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಮಗಳಿಗೆ ಇದನ್ನೂ ಹೇಳಿ ಕರೆದುಕೊಂಡು ಹೋಗಿ.

ನೈರೋಬಿ ನಿವಾಸಿ, ಮೂಲ ಶಿರಸಿ:
ಸರ್, ನೀವು ಹೇಳಿದ ಇತಿಹಾಸ ನಿಜ. ಇಲ್ಲಿನವರು ಅದನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ನನ್ನ ಅಭಿಪ್ರಾಯ ಇಷ್ಟು: ಕನ್ಸರ್ವೆನ್ಸಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸುತ್ತಲಿನವರನ್ನು ದೂರ ಇಟ್ಟು ನಡೆಸುವುದು ಬೇರೆ. ನೆರೆಯ ಹಳ್ಳಿಗಳ ಶಾಲೆ, ನೀರು, ಆಸ್ಪತ್ರೆಗೆ ಹಣ ಹಾಕಿ, ಅಲ್ಲಿನವರಿಗೇ ಕೆಲಸ ಕೊಟ್ಟು ನಡೆಸುವುದು ಬೇರೆ. ಓಲ್ ಪೆಜೆಟಾ ಎರಡನೆಯದಕ್ಕೆ ಸೇರುತ್ತದೆ. ದನ ಸಾಕುವುದನ್ನು ಬಿಡದೆ ಇಟ್ಟುಕೊಂಡಿರುವುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಮಾರಾ ಕಡೆಯಲ್ಲಿ ಜಮೀನು ಇನ್ನೂ ಮಸಾಯಿಗಳ ಹೆಸರಿನಲ್ಲೇ ಇದೆ, ಅದು ಇನ್ನೂ ಗಟ್ಟಿ.

ಮೇಡಂ, ಬುಕ್ ಮಾಡುವ ಮೊದಲು ಏಜೆಂಟರನ್ನು ಇಷ್ಟು ಕೇಳಿ. ಜಮೀನು ಯಾರದು, ನಾವು ಕೊಡುವ ದುಡ್ಡಿನಲ್ಲಿ ಕನ್ಸರ್ವೆನ್ಸಿ ಶುಲ್ಕ ಎಷ್ಟು, ಗೈಡ್ ಸ್ಥಳೀಯರಾ? ಬಾಯಿ ತಡವರಿಸಿದರೆ ಬೇರೆಯವರನ್ನು ನೋಡಿ.

ಡಾಕ್ಟರಮ್ಮ, ಹಾಸನ:
ಲಸಿಕೆಯ ವಿಷಯ ಯಾರೂ ಎತ್ತಿಲ್ಲ. ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಕೀನ್ಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಭಾರತಕ್ಕೆ ವಾಪಸ್ ಬರುವವರ ಹತ್ತಿರ ಲಸಿಕೆ ಕಾರ್ಡ್ ಇರಬೇಕು. ಇಲ್ಲದಿದ್ದರೆ ಆರು ದಿನದವರೆಗೆ ವಿಮಾನ ನಿಲ್ದಾಣದ ಕ್ವಾರಂಟೈನ್‌ನಲ್ಲಿ ಇಡಬಹುದು. ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಕಾರ್ಡ್ ಊರ್ಜಿತ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಎಲ್ಲ ಆಸ್ಪತ್ರೆಯಲ್ಲೂ ಅಲ್ಲ. ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ.

ನಿಮ್ಮತ್ತೆಯವರ ವಿಷಯ ಬೇರೆಯಾಗಿ ನೋಡಬೇಕು. ಇದು ಜೀವಂತ ವೈರಸ್ಸಿನ ಲಸಿಕೆ. 60 ದಾಟಿದವರಲ್ಲಿ ಮೊದಲ ಸಲ ಹಾಕುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಜಾಸ್ತಿ. ಹಾಕಬಾರದು ಅಂತಲ್ಲ, ಅವರಿಗೆ ಇರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ ಎಲ್ಲ ನೋಡಿ ವೈದ್ಯರು ತೀರ್ಮಾನಿಸಬೇಕು. ನೀವು ಮೊಟ್ಟೆ ತಿನ್ನದವರು ಅಂದಿರಿ. ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಮೊಟ್ಟೆಗೆ ಅಲರ್ಜಿ ಇದೆಯಾ ಅನ್ನುವುದು ಮೊಟ್ಟೆಯನ್ನೇ ಮುಟ್ಟದ ಮನೆಯಲ್ಲಿ ಗೊತ್ತಾಗುವುದಿಲ್ಲ, ಅದನ್ನೂ ವೈದ್ಯರಿಗೆ ಹೇಳಿ. ಟಿಕೆಟ್ ತೆಗೆಸುವ ಮೊದಲೇ ಈ ಮಾತು ಮುಗಿಯಲಿ.

ಮಲೇರಿಯಾ ಲೈಕಿಪಿಯಾದ ಎತ್ತರದಲ್ಲಿ ಕಡಿಮೆ. ಮಾರಾಗೂ ಹೋದರೆ ಮಾತ್ರೆ ಬೇಕಾಗಬಹುದು. ಅದನ್ನು ಹೊರಡುವ ಮೊದಲೇ ಶುರು ಮಾಡಬೇಕು.

ಕುಕ್ಕರಹಳ್ಳಿ ಕೆರೆ, ಮೈಸೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೇಸಿಗೆ ಬಿಟ್ಟು ದಸರಾ ರಜೆಗೆ ಬದಲಿಸಿದೆವು. ಮೈಸೂರಿನವರಾಗಿ ದಸರಾಗೆ ಊರು ಬಿಡುವುದು ಅತ್ತೆಗೆ ಅಷ್ಟು ಇಷ್ಟವಿಲ್ಲ, ಮೊಮ್ಮಗಳಿಗೋಸ್ಕರ ಒಪ್ಪಿದ್ದಾರೆ. ಡಾಕ್ಟರಮ್ಮ, ನಾಳೆಯೇ ನಮ್ಮ ಫಿಸಿಶಿಯನ್ ಹತ್ತಿರ ಹೋಗುತ್ತೇವೆ. ನೀವು ಹೇಳದಿದ್ದರೆ ನಮಗೆ ಹೊಳೆಯುತ್ತಲೇ ಇರಲಿಲ್ಲ.

ಅಂಬೊಸೆಲಿ ಕೈಬಿಟ್ಟೆವು. ಈಗ ಪ್ರಶ್ನೆ: ಓಲ್ ಪೆಜೆಟಾ ಜೊತೆ ಮಾರಾ ಇಟ್ಟುಕೊಳ್ಳೋದಾ? ಅತ್ತೆ ಸಫಾರಿಗೆ ಬರದ ಹೊತ್ತಿನಲ್ಲಿ ಏನು ಮಾಡಬಹುದು?

ಕಬಿನಿ ಹಿನ್ನೀರು, ಎಚ್.ಡಿ. ಕೋಟೆ:
ಅಕ್ಕ, ಸ್ವೀಟ್‌ವಾಟರ್ಸ್ ಕ್ಯಾಂಪಿನಲ್ಲಿ ಟೆಂಟುಗಳ ಎದುರೇ ನೀರಿನ ಹೊಂಡ ಇದೆ. ಆನೆ, ಜೀಬ್ರಾ, ಜಿರಾಫೆ ಅಲ್ಲಿಗೇ ನೀರಿಗೆ ಬರುತ್ತವೆ. ಜಿರಾಫೆ ನೀರು ಕುಡಿಯುವುದನ್ನು ನೋಡಲೇಬೇಕು. ಮುಂಗಾಲು ಎರಡೂ ಕಡೆ ಅಗಲಿಸಿ, ಇನ್ನೂ ಸ್ವಲ್ಪ ಅಗಲಿಸಿ, ಆ ಉದ್ದ ಕುತ್ತಿಗೆ ಬಗ್ಗಿಸಿ ಒಂದು ಗುಟುಕು. ಅಷ್ಟರಲ್ಲಿ ಎಲ್ಲೋ ಸದ್ದಾದರೆ ಮತ್ತೆ ಎದ್ದು ನಿಲ್ಲುತ್ತದೆ. ಅತ್ತೆಯವರು ಕುರ್ಚಿಯಲ್ಲಿ ಕೂತೇ ನೋಡಬಹುದು. ಖರ್ಚು ಕಡಿಮೆ ಬೇಕಾದರೆ ಒಳಗೇ ಸರಳ ಕೋಣೆಗಳೂ, ಟೆಂಟ್ ಹಾಕುವ ಜಾಗಗಳೂ ಇವೆ.

ಚಿಂಪಾಂಜಿ ಆಶ್ರಯ ಧಾಮವೂ ಒಳಗೇ ಇದೆ. ಕೀನ್ಯಾ ಚಿಂಪಾಂಜಿಗಳ ಮೂಲ ನೆಲೆಯಲ್ಲ. ಬುರುಂಡಿಯಲ್ಲಿ ಅಂತರ್ಯುದ್ಧ ಶುರುವಾದಾಗ ಅಲ್ಲಿದ್ದ ಅನಾಥ ಮರಿಗಳನ್ನು ಉಳಿಸಲು 1993ರಲ್ಲಿ ಜೇನ್ ಗುಡಾಲ್ ಸಂಸ್ಥೆ ಜೊತೆಗೂಡಿ ಇದನ್ನು ಮಾಡಿದರು. ಜಾಸ್ತಿ ನಡೆಯಬೇಕಿಲ್ಲ, ಅತ್ತೆಯವರೂ ಬರಬಹುದು.

ನೈರೋಬಿ ನಿವಾಸಿ, ಮೂಲ ಶಿರಸಿ:
ಮಾರಾ ಬಗ್ಗೆ: ಜುಲೈಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಪ್ರವೇಶ ಶುಲ್ಕವನ್ನು ಹೊರದೇಶದ ದೊಡ್ಡವರಿಗೆ ದಿನಕ್ಕೆ 200 ಡಾಲರ್‌ಗೆ ಏರಿಸಿದ್ದಾರೆ. 2024ರಿಂದ ಹೀಗೆ. ವರ್ಷದ ಮೊದಲ ಅರ್ಧದಲ್ಲಿ 100. ಮೂರು ಜನ ದೊಡ್ಡವರಿಗೆ ಲೆಕ್ಕ ಹಾಕಿ ನೋಡಿ. ಈ ಸಲ ಓಲ್ ಪೆಜೆಟಾದಲ್ಲೇ ನಾಲ್ಕು ರಾತ್ರಿ ಇದ್ದುಬಿಡಿ ಅನ್ನುವುದು ನನ್ನ ಮಾತು. ವಾಪಸ್ ಬರುವಾಗ ನ್ಯಾಹುರುರು ಮೇಲೆ ಬಂದರೆ ಥಾಮ್ಸನ್ ಜಲಪಾತ ಸಿಗುತ್ತದೆ, 74 ಮೀಟರ್. ಹಾಗೇ ನೈವಾಶಾದಲ್ಲಿ ಒಂದೆರಡು ರಾತ್ರಿ ನಿಂತು ದೋಣಿಯಲ್ಲಿ ನೀರಾನೆ ನೋಡಿ.

ಊಟಕ್ಕೆ ಚಿಂತೆ ಬೇಡ. ನೂರು ವರ್ಷಕ್ಕೂ ಹಿಂದಿನಿಂದ ಗುಜರಾತಿಗಳು ಇಲ್ಲಿದ್ದಾರೆ, ಸಸ್ಯಾಹಾರ ಅಂದರೆ ಏನು ಅಂತ ಕ್ಯಾಂಪಿನ ಅಡುಗೆಯವರಿಗೆ ಗೊತ್ತು. ಚಪಾತಿ ಇಲ್ಲಿನವರ ಮನೆ ಊಟವೇ ಆಗಿದೆ. ಸುಕುಮಾ ವಿಕಿ ಅಂತ ಸೊಪ್ಪಿನ ಪಲ್ಯ, ಗಿಥೇರಿ ಅಂತ ಜೋಳ, ಬೀನ್ಸ್ ಕಾಳು ಸೇರಿಸಿ ಬೇಯಿಸಿದ್ದು, ಎರಡೂ ಕೇಳಿ ತಿನ್ನಿ. ಇಲ್ಲಿ ಜೋಳ ಅಂದರೆ ಮುಸುಕಿನ ಜೋಳ. ಮೊಟ್ಟೆ ಬೇಡ ಅನ್ನುವುದನ್ನು ಮಾತ್ರ ಬುಕ್ ಮಾಡುವಾಗಲೇ ಬರೆಸಿ.

ಎರೆ ಹೊಲ, ಗದಗ:
ಮಗಳಿಗೆ ಇನ್ನೊಂದು ಪ್ರಾಜೆಕ್ಟಿಗೆ ಆಗುವ ವಿಷಯ ಹೇಳುತ್ತೇನೆ. ಆ ಎರೆ ನೆಲದ ತುಂಬ ಒಂದು ಜಾತಿಯ ಜಾಲಿ ಬೆಳೆಯುತ್ತದೆ. ಮುಳ್ಳಿನ ಬುಡ ಗೋಲಿಯಂತೆ ಉಬ್ಬಿ ಒಳಗೆ ಟೊಳ್ಳಾಗಿರುತ್ತದೆ. ಇರುವೆ ತೂತು ಮಾಡಿ ಒಳಗೆ ವಾಸ. ಗಾಳಿ ಬೀಸಿದರೆ ಆ ತೂತುಗಳಿಂದ ಸಿಳ್ಳೆ ಕೇಳುತ್ತದೆ. ಆನೆ ಸೊಂಡಿಲು ಹಾಕಿದರೆ ಇರುವೆಗಳು ನುಗ್ಗಿ ಕಚ್ಚುತ್ತವೆ, ಮರ ಉಳಿಯುತ್ತದೆ.

ಈಗ ಹೊರಗಿನಿಂದ ಬಂದ ದಪ್ಪ ತಲೆಯ ಇರುವೆ ಆ ಕಾವಲು ಇರುವೆಗಳನ್ನು ಕೊಂದು ಹಾಕುತ್ತಿದೆ. ಕಾವಲಿಲ್ಲದ ಮರಗಳನ್ನು ಆನೆಗಳು ಮುರಿದು ತಿಂದವು. ಬಯಲು ತೆರೆದುಕೊಂಡಿತು. ಸಿಂಹಕ್ಕೆ ಅವಿತು ಕೂರಲು ಮರೆಯೇ ಇಲ್ಲ, ಜೀಬ್ರಾ ದೂರದಿಂದಲೇ ನೋಡಿ ಓಡುತ್ತದೆ. ಓಲ್ ಪೆಜೆಟಾದಲ್ಲೇ ಮಾಡಿದ ಅಧ್ಯಯನ 2024ರಲ್ಲಿ ಬಂತು. 2003ರಲ್ಲಿ ಸಿಂಹಗಳ ಬೇಟೆಯಲ್ಲಿ ಜೀಬ್ರಾ ಪಾಲು ಶೇ 67, 2020ಕ್ಕೆ ಶೇ 42. ಅಷ್ಟರಲ್ಲಿ ಕಾಡೆಮ್ಮೆ ಬೇಟೆ ಸೊನ್ನೆಯಿಂದ ಶೇ 42ಕ್ಕೆ ಏರಿತ್ತು. ಒಂದು ಇರುವೆ ಸಿಂಹದ ಊಟ ಬದಲಿಸಿತು. ನೆಲ ನೋಡದೆ ಬರೀ ಸಿಂಹ ಹುಡುಕುವ ಗೈಡ್ ಸಿಕ್ಕರೆ ಇದೆಲ್ಲ ತಪ್ಪಿಹೋಗುತ್ತದೆ. ಆ ಜಾಲಿ ತೋರಿಸಿ ಅಂತ ಕೇಳಿ.

ಕುಕ್ಕರಹಳ್ಳಿ ಕೆರೆ, ಮೈಸೂರು:
ಇದನ್ನು ಮಗಳಿಗೆ ಓದಿ ಹೇಳಿದೆ. ಗೋಡೆ ಮೇಲೆ ಅಂಟಿಸಿಕೊಂಡಿದ್ದಾಳೆ. ಹಾಗಾದರೆ ಓಲ್ ಪೆಜೆಟಾ ನಾಲ್ಕು ರಾತ್ರಿ, ನೈವಾಶಾ ಎರಡು. ಬಿಳಿಗಿರಿ ಸರ್, ನೀವು ಬರೆದದ್ದನ್ನೂ ಓದಿಸಿದ್ದೇನೆ. ಕೊನೆಯದಾಗಿ, ಕಾಗದಪತ್ರ ಮತ್ತು ಸಾಮಾನಿನಲ್ಲಿ ಮರೆಯಬಾರದ್ದು ಏನಾದರೂ? ಅತ್ತೆ ಚಕ್ಕುಲಿ, ಕೋಡುಬಳೆ ಕಟ್ಟುವ ತಯಾರಿಯಲ್ಲಿದ್ದಾರೆ.

ನೈರೋಬಿ ನಿವಾಸಿ, ಮೂಲ ಶಿರಸಿ:
2024ರಿಂದ ವೀಸಾ ಇಲ್ಲ, ಅದರ ಬದಲು ಇಟಿಎ, ಅಂದರೆ ಹೊರಡುವ ಮೊದಲೇ ಪಡೆಯುವ ಪ್ರಯಾಣದ ಅನುಮತಿ. ಆನ್‌ಲೈನ್‌ನಲ್ಲಿ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ, ಮಗಳಿಗೂ ಬೇರೆ ಅರ್ಜಿ ಬೇಕು. ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆ, ಆರು ಗಂಟೆ ಸುಮಾರು. ಡ್ರೋನ್ ತರಬೇಡಿ. ಸ್ವೆಟರ್ ಎಲ್ಲರಿಗೂ ಇರಲಿ, ಅಲ್ಲಿ ಬೆಳಗ್ಗೆ ಮಡಿಕೇರಿ ಚಳಿ. ಒಬ್ಬೊಬ್ಬರಿಗೂ ಒಂದು ಬೈನಾಕ್ಯುಲರ್ ಇದ್ದರೆ ಜಗಳ ಇರುವುದಿಲ್ಲ.

ಚಕ್ಕುಲಿ ಧಾರಾಳವಾಗಿ ತನ್ನಿ, ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ದಂಡ ಜೋರು. ಸ್ಟೀಲ್ ಡಬ್ಬಿಗೆ ತುಂಬಿಸಿ, ಬಟ್ಟೆ ಚೀಲದಲ್ಲಿಡಿ. ಗಾಡಿ ನಿಲ್ಲಿಸಿ ತಿನ್ನುವಾಗ ಗಾಜು ಏರಿಸಿಕೊಳ್ಳಿ. ಬಬೂನ್‌ಗಳು ಕಿಟಕಿಯಿಂದ ಕೈ ಹಾಕಿ ಡಬ್ಬಿ ಸಮೇತ ಎತ್ತಿಕೊಂಡು ಹೋಗುತ್ತವೆ.